ಮುಖ ನೋಡಿ ಹೇಳು ಅಂದರೆ

ಮಾರಾಯ,

ಆಟಿಸಂ ಇರುವವರೂ ಇಲ್ಲದವರೂ ಒಬ್ಬರ ಮುಖದಲ್ಲಿ ಒಬ್ಬರು ಭಾವನೆ ಹೇಗೆ ಓದುತ್ತಾರೆ ಅಂತ ನೀನು ಕಳಿಸಿದ ಸಂಶೋಧನೆಗಳನ್ನೆಲ್ಲ ಓದಿದೆ. ಉತ್ತರ ವಾಟ್ಸಾಪಿನಲ್ಲೇ ಹಾಕಬಹುದಿತ್ತು. ಆದರೆ ನಲವತ್ತು ದಾಟಿದ ಮೇಲೆ ಡಾಕ್ಟರು ಆಟಿಸಂ ಅಂದಾಗ ಅದನ್ನು ಊರಿಗೆಲ್ಲ ಹೇಳಿ ಹಗುರಾದವನು ನೀನೇ ಅಲ್ವಾ? ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ತೀರ್ಥಹಳ್ಳಿ ಬಸ್ಸಿನ ಛತ್ರಿ ವಿಷಯ ಎತ್ತುವುದಿಲ್ಲ, ಹೆದರಬೇಡ.

ಆ ಚುಕ್ಕಿ ಮುಖಗಳ ಪ್ರಯೋಗ ಬಹಳ ಹಿಡಿಸಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕಾನರ್ ಕೀಟಿಂಗ್ ಮತ್ತವರ ಸಂಗಡಿಗರು 2021ರಲ್ಲಿ ಪ್ರಕಟಿಸಿದ್ದು. ಮುಖ ಇಲ್ಲ, ಮುಖದ ಚಲನೆಯಂತೆ ಅಲುಗಾಡುವ ಚುಕ್ಕಿಗಳು ಮಾತ್ರ. ಅಲುಗಾಟದ ವೇಗ, ಅಳತೆ ಬದಲಿಸುತ್ತಾ ಇದು ಖುಷಿಯೋ, ದುಃಖವೋ, ಸಿಟ್ಟೋ ಅಂತ ಕೇಳಿದರು. ಖುಷಿ, ದುಃಖದಲ್ಲಿ ನಿಮ್ಮವರೂ ನಮ್ಮವರೂ ಹೆಚ್ಚುಕಮ್ಮಿ ಒಂದೇ. ಮಾಮೂಲಿ ವೇಗದ, ಮಾಮೂಲಿ ಅಳತೆಯ ಸಿಟ್ಟಿನಲ್ಲಿ ಮಾತ್ರ ಆಟಿಸಂ ಇರುವವರು ಹಿಂದೆ ಬಿದ್ದರು.

ಅದರಲ್ಲಿ ಎಂಥ ಆಶ್ಚರ್ಯ? ಯಕ್ಷಗಾನದ ಬಣ್ಣದ ವೇಷವಾದರೆ ಕೊನೆ ಸಾಲಿನಲ್ಲಿ ತೂಕಡಿಸುವವನಿಗೂ ಸಿಟ್ಟು ತಿಳಿಯುತ್ತದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಸಿಟ್ಟು ಹುಬ್ಬಿಗೆ ಬರುವುದೇ ಇಲ್ಲವಲ್ಲ. ಜಗಲಿ ಹತ್ತಿದ ದಾಯಾದಿಗೆ 'ಬನ್ನಿ ಬನ್ನಿ, ಕಾಫಿ ಕುಡೀತೀರಾ' ಅನ್ನುವ ದನಿ ಚೂರು ಜಾಸ್ತಿಯೇ ಮೆತ್ತಗಾದರೆ ಅಡಿಕೆ ತೋಟದ ಬೇಲಿ ಜಗಳ ಇನ್ನೂ ಜೀವಂತ ಇದೆ ಅಂತ ಲೆಕ್ಕ. ಅದನ್ನು ಯಾವ ಚುಕ್ಕಿಯಲ್ಲಿ ಹಿಡಿಯುತ್ತಾರೆ?

ಇನ್ನೊಂದು ಪ್ರಯೋಗದಲ್ಲಿ ಅದೇ ಕೀಟಿಂಗ್ ತಂಡದವರು ಜನರಿಂದ ಮುಖ ಮಾಡಿಸಿ ಅಳೆದರು. ಆಟಿಸಂ ಇರುವ 25 ಜನ, ಇಲ್ಲದ 26 ಜನ. ಸಿಟ್ಟು ತೋರಿಸಿ ಅಂದರೆ ನಿಮ್ಮವರಲ್ಲಿ ಬಾಯಿ ಜಾಸ್ತಿ ಕೆಲಸ ಮಾಡಿತು, ಹುಬ್ಬು ಕಮ್ಮಿ. ಅಂದರೆ ನಮಗೂ ನಿಮ್ಮ ಮುಖ ಸುಲಭಕ್ಕೆ ಸಿಗುವುದಿಲ್ಲ. ತಮಗೂ ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲೇ ಇದನ್ನು ಹೇಳಿದ್ದರು, ತೊಡಕು ಒಬ್ಬರ ಕಡೆಯದಲ್ಲ, ಇಬ್ಬರ ನಡುವಿನದು ಅಂತ.

ಇಲ್ಲಿಯವರೆಗೆ ಎಲ್ಲ ನಿನ್ನ ವಿಷಯ ಅಂದುಕೊಂಡು ಆರಾಮಾಗಿ ಓದಿದೆ. ಆಮೇಲೆ ಅಲೆಕ್ಸಿಥೈಮಿಯಾ ಬಂತು. ತನಗೇ ಏನನ್ನಿಸುತ್ತಿದೆ ಅಂತ ತನಗೇ ತಿಳಿಯದಿರುವುದು. ಆಟಿಸಂ ಇರುವವರಲ್ಲಿ ಜಾಸ್ತಿಯಂತೆ, ಇಲ್ಲದವರಲ್ಲೂ ಇರುತ್ತದಂತೆ. ಚುಕ್ಕಿ ಪ್ರಯೋಗದಲ್ಲಿ ಅದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಸಿಟ್ಟಿನ ವ್ಯತ್ಯಾಸ ಹಾಗೇ ಉಳಿಯಿತು, ಅದಿರಲಿ.

ಅಪ್ಪ ಹೋದ ದಿನ ನಾನು ಅಳಲಿಲ್ಲ, ಎಲ್ಲರೂ ಗಟ್ಟಿಗ ಅಂದರು, ನೀನೂ ಅಂದೆ. ಗಟ್ಟಿಯೂ ಇಲ್ಲ ಮಣ್ಣೂ ಇಲ್ಲ ಮಾರಾಯ, ಹೊಟ್ಟೆಯಲ್ಲಿ ಏನೋ ಬಿಗಿದಂತಿತ್ತು, ಹಸಿವು ಅಂದುಕೊಂಡೆ, ಇಡೀ ದಿನ ಅಣ್ಣನ ಮುಖ ನೋಡುತ್ತಾ ಅವನು ಹೇಗೆ ಮಾಡಿದನೋ ಹಾಗೇ ಮುಖ ಮಾಡಿಕೊಂಡು ನಿಂತಿದ್ದೆ. ಈಗಲೂ ಹೆಂಡತಿ 'ಸಿಟ್ಟು ಬಂತಾ?' ಅಂತ ಕೇಳಿದರೆ ಉತ್ತರಕ್ಕೆ ಅವಳ ಮುಖವನ್ನೇ ನೋಡುತ್ತೇನೆ.

ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಅತ್ತಿಗೆ ನಾನು ಬರೆದದ್ದನ್ನು ಒಂದೂ ಬಿಡದೆ ಓದುತ್ತಾರೆ, ಬೆಳಗ್ಗೆಯೇ ಫೋನ್ ಬರುತ್ತದೆ. ಬಿಡು. ಕೊಯ್ಲಿಗೆ ಬಾ, ಅಡಿಕೆ ಸುಲಿಯಲು ಜನ ಸಿಗುತ್ತಿಲ್ಲ. ನನ್ನ ಮುಖ ನೋಡಿ ಏನಾಗಿದೆ ಅಂತ ನೀನೇ ಹೇಳು. ನಿನಗೂ ತಿಳಿಯದಿದ್ದರೆ ಅತ್ತಿಗೆಯನ್ನೇ ಕೇಳೋಣ, ಅವರ ಪ್ರಕಾರ ಎಲ್ಲವೂ ಗ್ಯಾಸ್.