ನನಗೆ ತೇಜಸ್ವಿಯವರನ್ನು ಓದಿ ಹೇಳಿದ ಎಲ್ಲರಿಗೂ

ಈ ವಾರ ಡಾಕ್ಟರು ಕಣ್ಣು ನೋಡಿ, ಇನ್ನು ಓದಬಹುದು ಅಂದರು. ಒಳ್ಳೆ ಬೆಳಕಿನಲ್ಲಿ, ಸ್ವಲ್ಪ ಸ್ವಲ್ಪವೇ. ಬರೆಯುವುದಕ್ಕೂ ಅಡ್ಡಿಯಿಲ್ಲವಂತೆ. ಹಾಗಾಗಿ ಮೊದಲು ಬರೆಯುವುದು ಇದನ್ನೇ ಅಂತ ಕೂತಿದ್ದೇನೆ. ನಿಮ್ಮೆಲ್ಲರ ಋಣ ದೊಡ್ಡದಿದೆ.

ವಿಷಯ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮಳೆಗಾಲ ಶುರುವಾಗುವ ಹೊತ್ತಿಗೆ ನನ್ನ ಬಲಗಣ್ಣಿನ ಒಳಪರದೆ, ಅಂದರೆ ರೆಟಿನಾ, ಬಿಟ್ಟುಕೊಂಡಿತು. ಎಡಗಣ್ಣು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದರು. ಆ ಗುಳ್ಳೆ ರೆಟಿನಾವನ್ನು ಹಿಂದಕ್ಕೆ ಒತ್ತಿ ಹಿಡಿಯಬೇಕಾದರೆ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಊಟ, ಮಾತು, ನಿದ್ದೆ ಎಲ್ಲವೂ ನೆಲದ ಕಡೆ ಮುಖ ಮಾಡಿಕೊಂಡೇ. ಆಮೇಲೆ ಗುಳ್ಳೆ ಕರಗುತ್ತಾ ಬಂದಂತೆ ನೋಟದ ಮೇಲ್ಭಾಗ ಮೊದಲು ತಿಳಿಯಾಯಿತು. ಕೆಳಗಡೆ ಮಾತ್ರ ಲೋಟದ ನೀರಿನ ಅಂಚಿನ ಹಾಗೆ ಒಂದು ಗೆರೆ ಅಲ್ಲಾಡುತ್ತಿತ್ತು. ದಿನದಿಂದ ದಿನಕ್ಕೆ ಅದು ಇನ್ನಷ್ಟು ಕೆಳಗಿಳಿಯಿತು.

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ, ರಿಟೈರ್ ಆದ ಮೇಲೆ ಓದುವುದೇ ಕೆಲಸ ಅಂದುಕೊಂಡವಳು ನಾನು. ಓದಬೇಡಿ ಅಂದಾಗ ಎದೆ ಧಸಕ್ಕೆಂದಿತು. ಮೊದಲ ಕೆಲವು ದಿನ ಯಾರ ಮಾತೂ ಬೇಡವಾಗಿತ್ತು. ಆಗ ನಮ್ಮ ಅತ್ತಿಗೆ ಕಪಾಟಿನಿಂದ ತೇಜಸ್ವಿಯವರ ‘ಪರಿಸರದ ಕಥೆ’ ತೆಗೆದುಕೊಂಡು ಬಂದು, ಕೇಳದೆಯೇ ಓದಲು ಶುರು ಮಾಡಿದರು. ಮಾಸ್ತಿ, ಬೈರ, ಕಿವಿ ಅನ್ನುವ ಹೆಸರಿನ ಆ ನಾಯಿ. ಅತ್ತಿಗೆ ಓದುವುದಕ್ಕಿಂತ ಜಾಸ್ತಿ ನಕ್ಕರು. ಮುಖ ಕೆಳಗೆ ಹಾಕಿಕೊಂಡು ನಾನೂ ನಕ್ಕೆ. ಅತ್ತಿಗೆ, ಆ ಮಧ್ಯಾಹ್ನ ನೀವು ಏನು ಮಾಡಿದಿರಿ ಅಂತ ನಿಮಗೆ ಗೊತ್ತಿಲ್ಲ. ನನ್ನನ್ನು ಎಬ್ಬಿಸಿ ಕೂರಿಸಿದ್ದು ನೀವೇ.

ಅಲ್ಲಿಂದ ಅದು ಮನೆಯ ರೂಢಿಯೇ ಆಯಿತು. ಮಗಳು ಬೆಂಗಳೂರಿನಿಂದ ಬಂದಾಗೆಲ್ಲ ‘ಅಣ್ಣನ ನೆನಪು’ ಓದಿದಳು. ತೇಜಸ್ವಿಯವರು ತಂದೆ ಕುವೆಂಪು ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದುದು. ಅಷ್ಟು ದೊಡ್ಡ ಕವಿಯ ಮಗನಾಗಿ ಹುಟ್ಟಿ, ಮೈಸೂರಿನಲ್ಲಿ ಓದಿ, ಎಲ್ಲಾದರೂ ಮೇಷ್ಟ್ರಾಗಿ ಆರಾಮಾಗಿ ಇರಬಹುದಿತ್ತು. ಅದು ಬಿಟ್ಟು ಮೂಡಿಗೆರೆ ಕಡೆ ಹೋಗಿ ಕಾಫಿ ತೋಟ ಮಾಡಿದರು. ಆ ನಿರ್ಧಾರ ಇಲ್ಲದಿದ್ದರೆ ನಮಗೆ ಸಿಕ್ಕ ತೇಜಸ್ವಿ ಸಿಗುತ್ತಿರಲಿಲ್ಲ ಅಂತ ನನ್ನ ಗಟ್ಟಿ ನಂಬಿಕೆ. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನ ತಂದಾಗ ನವ್ಯ ಸಾಹಿತ್ಯದ ದಾರಿ ಇನ್ನು ಸಾಕು ಅಂತ ಮುನ್ನುಡಿಯಲ್ಲೇ ಹೇಳಿದರು. ಹಾಗೆ ಹೇಳುವ ಧೈರ್ಯ ತೋಟದ ಕೆಲಸ, ಕೂಲಿಯಾಳುಗಳ ಮಾತು, ಸಂತೆ, ಕಚೇರಿ ಎಲ್ಲವನ್ನೂ ದಿನಾ ನೋಡುತ್ತಿದ್ದುದರಿಂದಲೇ ಬಂದಿರಬೇಕು.

ಸಂಜೆಗಳು ಪಕ್ಕದ ಮನೆಯ ಹುಡುಗನವು. ಪಿಯುಸಿ ಓದುತ್ತಾನೆ, ಹೆಸರು ಹಾಕಬೇಡಿ ಟೀಚರ್ ಅಂದಿದ್ದಾನೆ, ಹಾಕುವುದಿಲ್ಲ. ಅವನು ‘ಕರ್ವಾಲೋ’ ಪೂರ್ತಿ ಓದಿದ. ಮಂದಣ್ಣನಿಗೆ ಒಂದು ಧ್ವನಿ, ಪ್ಯಾರನಿಗೆ ಇನ್ನೊಂದು, ಬಿರಿಯಾನಿ ಕರಿಯಪ್ಪನಿಗೆ ಮತ್ತೊಂದು. ನಾನು ಆ ಕಾದಂಬರಿಯನ್ನು ಎಷ್ಟೋ ಸಲ ಓದಿದ್ದೇನೆ. ಆದರೆ ಕಿವಿಯಲ್ಲಿ ಕೇಳಿದ್ದು ಇದೇ ಮೊದಲು. ಕೇಳಿದಾಗಲೇ ತಿಳಿದದ್ದು, ಆ ಗದ್ಯ ಎಷ್ಟು ಜನರ ಬಾಯಿಂದ ಎದ್ದು ಬಂದಿದೆ ಅಂತ. ಎಲ್ಲೂ ನಾಲಿಗೆ ತಡವರಿಸುವುದಿಲ್ಲ. ಹುಡುಗ ಉಸಿರು ತೆಗೆದುಕೊಳ್ಳುವ ಕಡೆಯೇ ವಾಕ್ಯವೂ ನಿಲ್ಲುತ್ತದೆ. ಮರ, ಹಳ್ಳ, ಜೇನುಗೂಡು ಎಲ್ಲ ಮಾತಿನ ನಡುವೆಯೇ ಬಂದು ಹೋಗುತ್ತವೆ. ಈಗ ಕಾಡಿನ ವರ್ಣನೆ ನೋಡಿ ಅಂತ ಅವರು ಕೈ ಹಿಡಿದು ನಿಲ್ಲಿಸುವುದೇ ಇಲ್ಲ. ಕಣ್ಣು ಮುಚ್ಚಿಕೊಂಡವಳಿಗೂ ಎಲ್ಲ ಕಂಡದ್ದು ಅದರಿಂದಲೇ.

ಆ ಓದಿನ ನಡುವೆ ನಡೆದ ಒಂದು ವಿಷಯ ಬರೆಯಲೇಬೇಕು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಬಂದಿದ್ದ, ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗಾರ ಮಳೆ ಜೋರಾದಾಗ ಜಗಲಿಗೆ ಬಂದು ಕೂತ. ಹುಡುಗ ಹಾರುವ ಓತಿಯ ಭಾಗ ಓದುತ್ತಿದ್ದ. ಸ್ವಲ್ಪ ಹೊತ್ತು ಕೇಳಿ, “ಅಮ್ಮಾ, ಇದು ನಮ್ಮ ತೋಟದಲ್ಲೇ ಇದೆಯಲ್ಲ” ಅಂದ. ಆಮೇಲೆ ಪುಸ್ತಕ ಮಡಚಿಟ್ಟು ನಾವಿಬ್ಬರೂ ಅವನ ಮಾತು ಕೇಳಿದೆವು. ಅಡಿಕೆ ಮರಕ್ಕೆ ಅಂಟಿಕೊಂಡಿದ್ದರೆ ತೊಗಟೆ ಯಾವುದು, ಓತಿ ಯಾವುದು ಗೊತ್ತಾಗುವುದಿಲ್ಲವಂತೆ. ನಾವು ಹತ್ತಿರ ಹೋದರೆ ಮರದ ಆಚೆ ಬದಿಗೆ ಸರಿಯುತ್ತದಂತೆ. ಗಂಡು ಗಂಟಲ ಕೆಳಗಿನ ಹಳದಿ ಚೀಲವನ್ನು ಬಿಚ್ಚಿ ಬಿಚ್ಚಿ ತೋರಿಸುತ್ತದಂತೆ. ಇರುವೆ ಸಾಲು ಹಿಡಿದು ಮೇಲೆ ಹೋಗುತ್ತಾ, ತುದಿ ತಲುಪಿದ ಮೇಲೆ ಇನ್ನೊಂದು ಮರಕ್ಕೆ ಜಾರಿಬಿಡುತ್ತದೆ ಅಂದ. ಪಕ್ಕೆಲುಬುಗಳು ಉದ್ದವಾಗಿ ಬೆಳೆದು ಚರ್ಮವನ್ನು ಹಿಡಿದಿರುತ್ತವೆ, ರೆಕ್ಕೆ ಬಡಿಯುವುದಿಲ್ಲ, ತೇಲುತ್ತದೆ ಅಷ್ಟೆ ಅಂತ ನಾನು ಸೇರಿಸಿದೆ. ಪಶ್ಚಿಮಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಈ ಪ್ರಾಣಿ ನಿಜವಾಗಿಯೂ ಇದೆ. ಕಾದಂಬರಿಯಲ್ಲಿ ಅದು ಕಾಲದ ಆಳದಿಂದ ಬಂದ ಜೀವಿಯಾಗಿ ಕಾಣುತ್ತದೆ, ಹಿಡಿಯಲು ಹೋದವರ ಕಣ್ಣೆದುರೇ ಕಣಿವೆಗೆ ತೇಲಿಹೋಗುತ್ತದೆ.

ಶಾಲೆಗೆ ಸರಿಯಾಗಿ ಹೋಗದ ಮಂದಣ್ಣನಲ್ಲಿ ಹುಟ್ಟು ಜೀವವಿಜ್ಞಾನಿಯೊಬ್ಬ ಇದ್ದಾನೆ ಅಂತ ಕಾದಂಬರಿಯ ವಿಜ್ಞಾನಿ ಕರ್ವಾಲೋ ಗುರುತಿಸುತ್ತಾರಲ್ಲ, ಅದು ಸುಮ್ನೆ ಕಥೆಗೆ ಅಂತ ಬರೆದದ್ದಲ್ಲ. ನಮ್ಮ ಜಗಲಿಯಲ್ಲೇ ಅಂಥ ಒಬ್ಬರು ಒದ್ದೆ ಬಟ್ಟೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದರು. ನಿನಗೆ ವಿಶೇಷ ಧನ್ಯವಾದ ಕಣಪ್ಪಾ. ಮಳೆ ಬಿಟ್ಟ ಮೇಲೆ ಆ ಮರ ತೋರಿಸುತ್ತೇನೆ ಅಂದಿದ್ದೀಯ, ಮರೆಯಬೇಡ.

ಮೂಡಿಗೆರೆ ಕಡೆಗೆ ಮದುವೆಯಾಗಿ ಹೋದ ನನ್ನ ಹಳೆ ವಿದ್ಯಾರ್ಥಿನಿ ರಾತ್ರಿ ಫೋನಿನಲ್ಲಿ ‘ಚಿದಂಬರ ರಹಸ್ಯ’ ಓದಿದಳು. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ಅವಳದ್ದೂ ಕಾಫಿ, ಏಲಕ್ಕಿ ತೋಟ. ಕೆಸರೂರಿನ ಜಾತಿ ಜಗಳ, ರಾಜಕೀಯ, ಕೊನೆಗೆ ಎದ್ದ ಕಾಡ್ಗಿಚ್ಚು ಓದುವಾಗ ಅವಳ ಧ್ವನಿ ನಡುಗುತ್ತಿತ್ತು. ನೀರು ಕಡಿಮೆಯಾದ ಹಳ್ಳ, ಬೇಸಿಗೆಯ ಬೆಂಕಿಯ ಭಯ ಎಲ್ಲ ಅವರ ಊರಿನಲ್ಲಿ ಇವತ್ತಿಗೂ ಇದೆ. ಹ್ಯಾಂಡ್‌ಪೋಸ್ಟ್ ಹತ್ತಿರದ, ತೇಜಸ್ವಿಯವರ ಮನೆ ‘ನಿರುತ್ತರ’ದ ದಾರಿಯಲ್ಲಿ ಹೋದಾಗೆಲ್ಲ ಆ ಮನೆಯ ಕಡೆ ನೋಡುತ್ತಾಳಂತೆ. 2007ರ ಏಪ್ರಿಲ್ 5ರಂದು ತೇಜಸ್ವಿಯವರು ತೀರಿಕೊಂಡದ್ದು ಅಲ್ಲೇ.

ನಮ್ಮೂರ ಗ್ರಂಥಾಲಯದ ಮೇಡಂ, ನಿಮಗೂ ನಮಸ್ಕಾರ. ಅವಧಿ ಮುಗಿದರೂ ಪುಸ್ತಕ ವಾಪಸ್ ಕೇಳಲಿಲ್ಲ. ‘ನನ್ನ ತೇಜಸ್ವಿ’ಯನ್ನು ನೀವೇ ಮನೆವರೆಗೆ ತಂದು ಕೊಟ್ಟಿರಿ. ತೇಜಸ್ವಿಯವರ ಹೆಂಡತಿ ರಾಜೇಶ್ವರಿಯವರು ಬರೆದ ಆ ಪುಸ್ತಕ ಕೇಳಿದ ಮೇಲೆ ನನಗೆ ಅವರ ಮೇಲೂ ಅಷ್ಟೇ ಗೌರವ ಹುಟ್ಟಿತು. ಕ್ಯಾಮೆರಾ, ಗಾಳ, ಸ್ಕೂಟರು, ಕಂಪ್ಯೂಟರು ಅಂತ ಹೊತ್ತಿಗೊಂದು ಹುಚ್ಚು ಹಿಡಿಸಿಕೊಂಡ ಮನುಷ್ಯನ ಜೊತೆ ಕಾಡಂಚಿನ ತೋಟದಲ್ಲಿ ಸಂಸಾರ ಮಾಡುವುದು ಸಣ್ಣ ಮಾತಲ್ಲ. ಅವರೂ 2021ರಲ್ಲಿ ಹೋದರು.

ಆಸ್ಪತ್ರೆಯ ಡಾಕ್ಟರಿಗೆ, ಸಿಸ್ಟರ್‌ಗಳಿಗೆ, ಕಣ್ಣಿಗೆ ಡ್ರಾಪ್ಸ್ ಹಾಕುವ ಹೊತ್ತನ್ನು ಒಮ್ಮೆಯೂ ತಪ್ಪಿಸದ ನನ್ನ ಯಜಮಾನರಿಗೆ ಕೈ ಮುಗಿಯುತ್ತೇನೆ. ಊಟ ಕಳಿಸಿದ ಮನೆಗಳವರಿಗೆ ಎದುರಿಗೇ ಬಂದು ಹೇಳುತ್ತೇನೆ.

ತೇಜಸ್ವಿಯವರಿಗೂ ಹೇಳಬೇಕು. ನೋಡುವುದನ್ನೇ ಬದುಕು ಮಾಡಿಕೊಂಡವರು ಅವರು. ಹಕ್ಕಿಯ ಒಂದು ಫೋಟೋಗೆ ಗಂಟೆಗಟ್ಟಲೆ ಪೊದೆಯಲ್ಲಿ ಕಾದು ಕೂತವರು. ಆ ನೋಟವನ್ನು ಕನ್ನಡದಲ್ಲಿ ಬರೆದಿಟ್ಟರು. ಓದಲು ಬರುವ ಯಾರಿಗೆ ಬೇಕಾದರೂ ಸಿಗುವ ಹಾಗೆ, ಓದಲಾಗದವರಿಗೆ ಇನ್ನೊಬ್ಬರು ಓದಿ ಹೇಳಬಹುದಾದ ಹಾಗೆ. ನನ್ನ ಕಣ್ಣು ಕೆಲಸ ಮಾಡದಿದ್ದಾಗ ಅವರ ಕಣ್ಣಿನಿಂದ ನೋಡಿದೆ.

ಸೆಪ್ಟೆಂಬರ್ 8 ಅವರು ಹುಟ್ಟಿದ ದಿನ. ಅವತ್ತು ಸಂಜೆ ಐದಕ್ಕೆ ನಮ್ಮ ಗ್ರಂಥಾಲಯದಲ್ಲಿ ಸೇರೋಣ ಅಂತಿದ್ದೇವೆ, ಮೇಡಂ ಒಪ್ಪಿದ್ದಾರೆ. ‘ತಬರನ ಕಥೆ’ ಓದೋಣ ಅಂತ ಅತ್ತಿಗೆಯ ಹಟ. ಪಿಂಚಣಿಗಾಗಿ ಅಲೆದು ಅಲೆದು ಸೋತ ಆ ತಬರನ ಸಂಕಟವನ್ನು ಒಬ್ಬರೇ ಓದಲು ಕಷ್ಟ, ನಾಲ್ಕು ಜನ ಇದ್ದರೆ ವಾಸಿ ಅನ್ನುತ್ತಾರೆ. ಮೊದಲ ಕೆಲವು ಪುಟ ನಾನು ಓದುತ್ತೇನೆ, ಕಣ್ಣು ಆಯಾಸವಾದರೆ ಹುಡುಗ ಮುಂದುವರಿಸುತ್ತಾನೆ. ಎಲ್ಲರೂ ಬನ್ನಿ.