ಹಾರ್ವೆಸ್ಟರ್ ಜೊತೆಗೆ ಕಣವೂ ಬೇಕು

ಮಾನ್ಯ ಸಂಪಾದಕರೇ,

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಸುಗ್ಗಿ ಬಂತೆಂದರೆ ರಸ್ತೆಯ ಒಂದು ಬದಿ ಪೂರ್ತಿ ಭತ್ತ. ಅಪಘಾತವಾದಾಗ ರೈತರನ್ನು ಬೈಯುತ್ತಾರೆ. ಭತ್ತ ರಸ್ತೆಗೆ ಏಕೆ ಬಂತೆಂದು ಯಾರೂ ಕೇಳುವುದಿಲ್ಲ.

ಕುಡುಗೋಲಿನ ಕಾಲದಲ್ಲಿ ಕೊಯ್ದ ಪೈರು ಗದ್ದೆಯಲ್ಲೇ ಮೂರ್ನಾಲ್ಕು ದಿನ ಬಿದ್ದು ಒಣಗುತ್ತಿತ್ತು. ಒಕ್ಕಣೆ ಆಮೇಲೆ. ಹಾರ್ವೆಸ್ಟರ್ ನಿಂತ ಪೈರನ್ನು ಕೊಯ್ದು ಅಲ್ಲೇ ಒಕ್ಕುತ್ತದೆ. ಆಗ ಕಾಳಿನಲ್ಲಿ ಶೇ 20ರಿಂದ 24ರಷ್ಟು ತೇವಾಂಶ ಇರುತ್ತದೆ, ಇರಬೇಕು ಕೂಡ. ನಿಂತಲ್ಲೇ ಅತಿಯಾಗಿ ಒಣಗಿದರೆ ಕಾಳು ಉದುರುತ್ತದೆ. ಆದರೆ ಸರ್ಕಾರಿ ಖರೀದಿಗೆ ಮಿತಿ ಶೇ 17, ದಾಸ್ತಾನಿಗೆ ಶೇ 14. ಶೇ 22 ತೇವದ 75 ಕೆ.ಜಿ. ಚೀಲ ಶೇ 17ಕ್ಕೆ ಇಳಿಯುವಷ್ಟರಲ್ಲಿ 70.5 ಕೆ.ಜಿ. ಆಗಿರುತ್ತದೆ. ಒಣಗಿಸಲು ಜಾಗವಿಲ್ಲದವರು ಹಸಿಯಲ್ಲೇ ಮಾರಿ, ವ್ಯಾಪಾರಿ ಹೇಳಿದಷ್ಟು ಕಡಿತಕ್ಕೆ ಒಪ್ಪಬೇಕು. ಹಸಿ ರಾಶಿಗೆ ತಾಡಪಾಲು ಮುಚ್ಚಿ ಒಂದೆರಡು ದಿನ ಬಿಟ್ಟರೆ ಒಳಗೆ ಕಾವು ಹುಟ್ಟಿ ಅಕ್ಕಿ ಹಳದಿಗಟ್ಟುತ್ತದೆ. ಡಾಂಬರಿನ ಮೇಲೆ ತೀರಾ ತೆಳ್ಳಗೆ ಹರಡಿದರೆ ಕಾಳು ಬಿರುಕುಬಿಟ್ಟು ಗಿರಣಿಯಲ್ಲಿ ನುಚ್ಚಾಗುತ್ತದೆ. 2ರಿಂದ 4 ಸೆಂ.ಮೀ. ದಪ್ಪ ಹರಡಿ, ಅರ್ಧ ಗಂಟೆಗೊಮ್ಮೆ ತಿರುವಿಹಾಕಿ, ರಾತ್ರಿ ಇಬ್ಬನಿ ತಾಗದಂತೆ ಮುಚ್ಚಬೇಕು.

ಇನ್ನೊಂದು ನಷ್ಟ ಗದ್ದೆಯಲ್ಲೇ ಆಗುತ್ತದೆ. ಬಾಡಿಗೆ ಗಂಟೆ ಲೆಕ್ಕದಲ್ಲಿರುವುದರಿಂದ ಬೇಗ ಓಡಿಸು ಎಂದು ರೈತರೇ ಅವಸರಪಡಿಸುತ್ತಾರೆ. ವೇಗ ಹೆಚ್ಚಿದಾಗ ಒಳಗೆ ಹುಲ್ಲು ಕಿಕ್ಕಿರಿದು, ಕಾಳು ಜರಡಿಗೆ ಇಳಿಯದೆ ಹುಲ್ಲಿನೊಂದಿಗೇ ಹಿಂದೆ ಬೀಳುತ್ತದೆ. ಫ್ಯಾನಿನ ಗಾಳಿ ಜಾಸ್ತಿಯಾದರೆ ಜೊಳ್ಳಿನ ಜೊತೆ ಗಟ್ಟಿಕಾಳೂ ಹಾರಿಹೋಗುತ್ತದೆ. ಟ್ಯಾಂಕಿನಲ್ಲಿ ಸಿಪ್ಪೆ ಸುಲಿದ, ಮುರಿದ ಕಾಳು ಕಂಡರೆ ಒಕ್ಕುವ ಡ್ರಮ್ಮಿನ ವೇಗ ಇಳಿಸಬೇಕು. ಮೊದಲ ಸುತ್ತಿಗೇ ಯಂತ್ರ ನಿಲ್ಲಿಸಿ, ಬಿದ್ದ ಹುಲ್ಲು ಕೊಡವಿ, ಕೊಯ್ದ ಅಗಲದುದ್ದಕ್ಕೂ ನಾಲ್ಕೈದು ಕಡೆ ಒಂದೊಂದು ಚದರ ಮೀಟರಿನ ಕಾಳು ಎಣಿಸಿ ಸರಾಸರಿ ತೆಗೆಯಿರಿ; ಕೊಯ್ಲಿಗೆ ಮೊದಲೇ ಉದುರಿದ್ದನ್ನು ಕಳೆಯಿರಿ. ಸೋನಾ ಮಸೂರಿಯಂಥ ಸಣ್ಣ ಭತ್ತದಲ್ಲಿ ಚದರ ಮೀಟರಿಗೆ 100 ಕಾಳೆಂದರೆ ಎಕರೆಗೆ ಸುಮಾರು 6 ಕೆ.ಜಿ. ಹೋಯಿತೆಂದೇ ಲೆಕ್ಕ. ಎಕರೆ ಲೆಕ್ಕದ ಬಾಡಿಗೆ ಮಾತಾಡಿ, ಎಣಿಸಿದ ಮೇಲೇ ಮುಂದುವರಿಯಬೇಕೆಂಬ ಷರತ್ತು ಹಾಕುವುದು ಒಳ್ಳೆಯದು.

ಕೊಯ್ಲು ಯಂತ್ರಕ್ಕೆ ಸಹಾಯಧನ ಕೊಡುವ ಸರ್ಕಾರ ಒಣಗಿಸುವ ವ್ಯವಸ್ಥೆಗೂ ಅಷ್ಟೇ ಗಮನ ಕೊಡಬೇಕು. ರೈತರಿಗೆ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ತೇವಾಂಶ ಮಾಪಕವೂ ಭತ್ತ ಒಣಗಿಸುವ ಡ್ರೈಯರ್ ಕೂಡ ಸಿಗಲಿ. ಬೀಜದ ಭತ್ತಕ್ಕೆ ಶಾಖ 43 ಡಿಗ್ರಿ ಸೆಲ್ಸಿಯಸ್ ದಾಟದಂತೆ ನಡೆಸಬಲ್ಲವರು ಅಲ್ಲಿರಲಿ. ಊರೂರಿಗೆ ಸಿಮೆಂಟ್ ಕಣ ತುರ್ತಾಗಿ ಬೇಕು. ಮುಂಗಾರಿನ ಭತ್ತ ಕೊಯ್ಲಿಗೆ ಬರುವುದು ನವೆಂಬರ್ ಹೊತ್ತಿಗೆ, ವಾಯುಭಾರ ಕುಸಿತದ ಮಳೆ ಸುರಿಯುವುದೂ ಆಗಲೇ.

– ಭತ್ತ ಬೆಳೆಗಾರರು, ಕಾರಟಗಿ