ಅದು ಹಿಂದಕ್ಕೆ ಹರಿಯುವ ನದಿ ಅಲ್ಲ ಸ್ವಾಮಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕೆನಡಾದ ಉತ್ತರ ಭಾಗದ ಬಗ್ಗೆ ಒಂದು ಲೇಖನ ಬಂದಿತ್ತು. ಫೋಟೋಗಳು ಚೆನ್ನಾಗಿದ್ದವು. ಆದರೆ ಅದರಲ್ಲಿ ‘ಹಿಮ್ಮುಖ ನದಿ’ ಅಂತ ಒಂದು ನದಿ ಮೂರು ಸಲ ಬರುತ್ತದೆ. ಇದ್ಯಾವುದಪ್ಪಾ ಹಿಂದಕ್ಕೆ ಹರಿಯೋದು ಅಂತ ಕಾಫಿ ಆರುವವರೆಗೂ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು, ಅದು ಬ್ಯಾಕ್ ನದಿ! ಬ್ಯಾಕ್ ಅನ್ನೋದು ಒಬ್ಬ ಮನುಷ್ಯನ ಹೆಸರು. ಅದನ್ನೂ ಅನುವಾದ ಮಾಡಿಬಿಟ್ಟಿದ್ದೀರಿ.

ಜಾರ್ಜ್ ಬ್ಯಾಕ್ ಬ್ರಿಟಿಷ್ ನೌಕಾಪಡೆಯ ಅಧಿಕಾರಿ. 1829ರಲ್ಲಿ ಉತ್ತರ ಧ್ರುವದ ಕಡೆಯ ಸಮುದ್ರ ಶೋಧಿಸಲು ಹಡಗು ಹತ್ತಿ ಹೋದ ಜಾನ್ ರಾಸ್ ನಾಲ್ಕು ವರ್ಷ ಕಳೆದರೂ ಪತ್ತೆ ಇರಲಿಲ್ಲ, ಅವನನ್ನು ಹುಡುಕಲು 1833ರಲ್ಲಿ ಬ್ಯಾಕ್‌ನನ್ನು ಕಳಿಸಿದರು. ಬ್ಯಾಕ್ ಗ್ರೇಟ್ ಸ್ಲೇವ್ ಸರೋವರದ ಪೂರ್ವದ ಮೂಲೆಯಲ್ಲಿ ಚಳಿಗೆ ನಡುಗುತ್ತಾ ಕೂತಿದ್ದಾಗ, ಅತ್ತ ರಾಸ್ ಇಂಗ್ಲೆಂಡಿಗೆ ವಾಪಸ್ ಬಂದಾಗಿತ್ತು. ಆ ಸುದ್ದಿ ಮುಟ್ಟಿದ್ದು 1834ರ ಏಪ್ರಿಲ್‌ನಲ್ಲಿ. ಹೇಗೂ ಅಷ್ಟು ದೂರ ಹೋಗಿದ್ದೀಯ, ಉತ್ತರದ ಕರಾವಳಿ ಅಳೆದುಕೊಂಡು ಬಾ ಅಂತ ಹೇಳಿ ಕಳಿಸಿದ್ದರು. ಸರಿ, ಈ ನದಿಗೆ ದೋಣಿ ಇಳಿಸಿ ಹೊರಟ.

ನದಿಯ ಉದ್ದ ಸುಮಾರು 974 ಕಿಲೋಮೀಟರ್. ದಡದಲ್ಲಿ ಒಂದೇ ಒಂದು ಮರ ಇಲ್ಲ, ಅಂದರೆ ಒಲೆಗೆ ಸೌದೆಯೂ ಇಲ್ಲ. ಜಲಪಾತ, ರಭಸದ ಇಳುಕಲು ಎಲ್ಲ ಸೇರಿ 83 ಅಂತ ಬ್ಯಾಕ್ ಎಣಿಸಿ ಬರೆದಿಟ್ಟಿದ್ದಾನೆ. ನಿಮ್ಮ ಲೇಖನದಲ್ಲಿ ನದಿ ‘ನೇರ ಉತ್ತರಕ್ಕೆ’ ಹರಿಯುತ್ತದೆ ಅಂತಿದೆ, ಅದೂ ತಪ್ಪು. ಮೊದಲು ಉತ್ತರ ಕರಾವಳಿಯ ಬ್ಯಾಥರ್ಸ್ಟ್ ಕೊಲ್ಲಿಯ ಕಡೆಗೇ ಹೋಗುವ ಹಾಗೆ ಕಾಣುತ್ತದೆ, ಬೀಚಿ ಸರೋವರದ ಹತ್ತಿರ ಬಂದಮೇಲೆ ಮನಸ್ಸು ಬದಲಾಯಿಸಿದ ಹಾಗೆ ಆಗ್ನೇಯಕ್ಕೆ ತಿರುಗಿಬಿಡುತ್ತದೆ. ಇದೆಲ್ಲಿ ಪೂರ್ವದ ಹಡ್ಸನ್ ಕೊಲ್ಲಿಗೆ ಹೋಗಿ ಬೀಳುತ್ತೋ ಅಂತ ಬ್ಯಾಕ್‌ಗೂ ಭಯ ಆಗಿತ್ತು. ಹಿಮ್ಮುಖ ಅಂತ ಕರೆಯಲೇಬೇಕು ಅಂತಿದ್ದರೆ ಈ ತಿರುವನ್ನು ಕರೆಯಬಹುದು, ಅಷ್ಟೇ.

ಇನ್ನು ಹೆಸರಿನ ವಿಷಯ. ಬ್ಯಾಕ್ ಹೋಗುವ ಮೊದಲು ಅದಕ್ಕೆ ಹೆಸರಿರಲಿಲ್ಲ ಅನ್ನೋ ಧಾಟಿಯಲ್ಲಿ ನೀವು ಬರೆದಿದ್ದೀರಿ. ಇತ್ತು ಸ್ವಾಮಿ. ಅಲ್ಲಿನ ಮೂಲನಿವಾಸಿ ಡೆನೆ ಜನ ಥ್ಲೆವ್-ಈ-ಚೋ-ಡೆಸೆತ್ ಅನ್ನುತ್ತಿದ್ದರು, ದೊಡ್ಡ ಮೀನಿನ ಹೊಳೆ ಅಂತ. ಬ್ಯಾಕ್ ಕೂಡ ತನ್ನ ಬರಹದಲ್ಲಿ ಈ ಹೆಸರನ್ನೇ ಇಟ್ಟುಕೊಂಡಿದ್ದಾನೆ, ಅಷ್ಟರ ಮಟ್ಟಿಗೆ ಮರ್ಯಾದಸ್ಥ. ದಾರಿಯ ಸರೋವರಗಳನ್ನು ಮಾತ್ರ ಬಿಡಲಿಲ್ಲ. ನದಿ ಹುಟ್ಟುವ ಕಡೆ ಸಸೆಕ್ಸ್ ಡ್ಯೂಕ್‌ನ ಹೆಸರು, ಕೆಳಗೆ ತುಪ್ಪಳ ವ್ಯಾಪಾರದ ಹಡ್ಸನ್ ಬೇ ಕಂಪನಿಯ ಸಾಹೇಬರಾದ ಪೆಲ್ಲಿ, ಗ್ಯಾರಿ ಹೆಸರು. ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆಸ್ತಾರಲ್ಲ, ಹಾಗೆ.

ಆ ಪ್ರಯಾಣದ ಒಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟ. ನೊಣಗಳ ಕಾಟ ತಡೆಯಲಾರದೆ ಬ್ಯಾಕ್ ಡೇರೆಯೊಳಗೆ ಹೊಗೆ ಹಾಕಿ ಸಾಯಿಸುತ್ತಿದ್ದ. ಜೊತೆಗಿದ್ದ ಡೆನೆ ಮನುಷ್ಯ ಮಾಫೆಲ್ಲಿಗೆ ಅದು ವಿಚಿತ್ರ ಅನ್ನಿಸಿತು. ಹಿಂದೆ ಬಂದಿದ್ದ ದೊಡ್ಡ ಸಾಹೇಬ ಒಂದು ಸೊಳ್ಳೆಯನ್ನೂ ಕೊಲ್ಲುತ್ತಿರಲಿಲ್ಲವಲ್ಲ ಅಂದನಂತೆ. ಆ ಸಾಹೇಬ ಜಾನ್ ಫ್ರಾಂಕ್ಲಿನ್. ಕೈ ಮೇಲೆ ಕೂತ ಸೊಳ್ಳೆಯನ್ನು ಉಫ್ ಅಂತ ಊದಿ ಕಳಿಸುತ್ತಿದ್ದನಂತೆ.

ಇದೇ ಫ್ರಾಂಕ್ಲಿನ್ 1845ರಲ್ಲಿ ಎರಡು ಹಡಗು, ತಾನೂ ಸೇರಿ 129 ಜನರ ತಂಡದ ಜೊತೆ ಅದೇ ಉತ್ತರದ ಸಮುದ್ರಕ್ಕೆ ಹೋಗಿ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡ. 1847ರಲ್ಲಿ ಅವನು ತೀರಿಕೊಂಡ. ಮಾರನೇ ವರ್ಷ ಉಳಿದ 105 ಜನ ಹಡಗು ಬಿಟ್ಟು ನಡೆದು ಹೊರಟರು. ಹೊರಡುವಾಗ ಅಚ್ಚು ಹಾಕಿದ ಫಾರಂ ಒಂದರ ಅಂಚಿನ ಸುತ್ತ ಇಕ್ಕಟ್ಟಾಗಿ ಬರೆದು ಕಲ್ಲುಗುಡ್ಡೆಯಲ್ಲಿ ಇಟ್ಟ ಚೀಟಿ 1859ರಲ್ಲಿ ಸಿಕ್ಕಿತು. ನಾಳೆ 26ನೇ ತಾರೀಕು ‘ಬ್ಯಾಕ್ಸ್ ಫಿಶ್ ರಿವರ್’ ಕಡೆಗೆ ಹೊರಡುತ್ತೇವೆ ಅಂತ ಅದರಲ್ಲಿದೆ. ಹೆಸರು ನೋಡಿ, ಬ್ಯಾಕ್ ಆಗಲೇ ಒಳಗೆ ಬಂದಿದ್ದಾನೆ, ಮೀನು ಇನ್ನೂ ಹೊರಗೆ ಹೋಗಿಲ್ಲ. ಆಮೇಲೆ ನಕಾಶೆಯಲ್ಲಿ ಬ್ಯಾಕ್ ಒಬ್ಬನೇ ಉಳಿದ. ಆ 105 ಜನರಲ್ಲಿ ಒಬ್ಬನೂ ಊರಿಗೆ ಮರಳಲಿಲ್ಲ.

ಆದ್ದರಿಂದ ದಯವಿಟ್ಟು ಒಂದು ತಿದ್ದುಪಡಿ ಹಾಕಿ. ಬ್ಯಾಕ್ ನದಿ ಅಂತ ಬರೆಯಿರಿ, ಪಕ್ಕದಲ್ಲಿ ದೊಡ್ಡ ಮೀನಿನ ಹೊಳೆ ಅಂತಲೂ ಸೇರಿಸಿದರೆ ಇನ್ನೂ ಸಂತೋಷ. ಅನುವಾದ ಮಾಡಬೇಕಾದ ಹೆಸರು ಅದು, ಅಲ್ವಾ? ಹಾಗೇ ನದಿ ಸಮುದ್ರ ಸೇರುವ ಜಾಗ ಚಾಂಟ್ರಿ ಕೊಲ್ಲಿ, ಒಬ್ಬ ಶಿಲ್ಪಿಯ ಹೆಸರು. ನಿಮ್ಮ ನಕಾಶೆಯಲ್ಲಿ ‘ಛತ್ರಿ ಕೊಲ್ಲಿ’ ಅಂತ ಅಚ್ಚಾಗಿದೆ.

ಇಂತಿ,
ನಿಮ್ಮ ಹಳೆಯ ಓದುಗ, ಶಿವಮೊಗ್ಗ